ಟರ್ನ್ ಹಕ್ಕಿಗೂ ಒಬ್ಬ ಕಾವಲುಗಾರ ಬೇಕು

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿರುವ ನನಗೆ ಜೂನ್ ಬಂತೆಂದರೆ ನಾರ್ತಂಬರ್‌ಲ್ಯಾಂಡ್ ಕರಾವಳಿಯ ಲಾಂಗ್ ನ್ಯಾನಿಗೆ ಹೋಗಲೇಬೇಕು. ಸಣ್ಣ ತೊರೆಯೊಂದು ಸಮುದ್ರ ಸೇರುವ ಜಾಗ. ಟರ್ನ್ ಅಂದರೆ ನೀರಿನ ಮೇಲೆ ಹಾರಾಡುತ್ತ ಮೀನು ಹಿಡಿಯುವ ಹಕ್ಕಿ. ಆರ್ಕ್‌ಟಿಕ್ ಟರ್ನ್, ಅಪರೂಪದ ಲಿಟಲ್ ಟರ್ನ್, ಜೊತೆಗೆ ರಿಂಗ್ಡ್ ಪ್ಲವರ್ ಎಂಬ ಪುಟ್ಟ ದಡದ ಹಕ್ಕಿ, ಎಲ್ಲವೂ ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅಂತ ಏನಿಲ್ಲ, ಒಂದು ಸಣ್ಣ ಗುಳಿ ಅಷ್ಟೇ. ತಿಳಿಯದವರು ತುಳಿದೇಬಿಡುತ್ತಾರೆ.

ಅದಕ್ಕೇ ಅಲ್ಲಿ ಕಾವಲಿದೆ. ಮರಿಗಳು ಹಾರುವವರೆಗೂ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ರೇಂಜರ್‌ಗಳು ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ಹಗಲು ರಾತ್ರಿ ಸರದಿಯಲ್ಲಿ ಕಾಯುತ್ತಾರೆ, ನರಿ ಬಂದರೂ ಓಡಿಸಬೇಕು, ನಾಯಿ ಬಂದರೂ ತಡೆಯಬೇಕು. ನಾವು ನಿಲ್ಲುವುದು ಹಗ್ಗದಾಚೆ. ಇಲ್ಲಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಲಿಟಲ್ ಟರ್ನ್ ಕಾವು ಕೂತಾಗ ಬೇಕಂತಲೇ ತೊಂದರೆ ಕೊಟ್ಟರೆ ಅಪರಾಧ. ಅಲ್ಲಿಂದ ದಕ್ಷಿಣಕ್ಕೆ ಕಾಕೆಟ್ ದ್ವೀಪವಿದೆ, ರೋಸಿಯೇಟ್ ಟರ್ನ್‌ಗಳ ಊರು. ಅಲ್ಲಂತೂ ಜನ ಇಳಿಯುವ ಹಾಗೇ ಇಲ್ಲ. ಆಂಬಲ್‌ನಿಂದ ದೋಣಿ ಹತ್ತಿ, ದ್ವೀಪ ಸುತ್ತಿ, ಅಲೆಗೆ ಹೊಟ್ಟೆ ತೊಳಸಿಕೊಂಡು, ಅಲುಗಾಡುವ ಬೈನಾಕ್ಯುಲರ್‌ನಲ್ಲಿ ಸಿಕ್ಕಷ್ಟು ನೋಡಿ ಬರಬೇಕು. ದುಡ್ಡು ಕೊಟ್ಟವರೂ ಗೊಣಗುವುದಿಲ್ಲ.

ಇಲ್ಲಿಯವರೆಲ್ಲ ಸಾಚಾ ಅಂತಲ್ಲ. ಬೋರ್ಡಿನ ಕೆಳಗೇ ನಾಯಿಯ ಹಗ್ಗ ಬಿಚ್ಚುವ ಮಹಾಶಯರನ್ನು ನೋಡಿದ್ದೇನೆ. ಅವರನ್ನು ತಡೆದದ್ದು ಬೋರ್ಡಲ್ಲ, ಅಲ್ಲಿ ಕಾವಲು ಕೂತಿದ್ದ ಹುಡುಗಿ.

ಈಗ ನಮ್ಮ ಭದ್ರಾ ಹಿನ್ನೀರಿಗೆ ಬನ್ನಿ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್‌ಗಳು ಸಾವಿರಾರು ಬಂದು ಬಟ್ಟಬಯಲಲ್ಲೇ ಮೊಟ್ಟೆ ಇಡುತ್ತವೆ. ಇಂಗ್ಲೆಂಡಿನವರು ಲಿಟಲ್ ಟರ್ನ್‌ನ ಕೆಲವೇ ಜೋಡಿಗಳಿಗೆ ನಿದ್ದೆಗೆಡುತ್ತಾರೆ, ನಮಗೆ ಇಷ್ಟೊಂದು ಇದ್ದರೂ ಫೋಟೋ ಚೆನ್ನಾಗಿ ಬರಲಿ ಅಂತ ದೋಣಿಯನ್ನು ದಡದ ಹತ್ತಿರಕ್ಕೇ ಒಯ್ಯುತ್ತೇವೆ. ಹಕ್ಕಿಗಳು ಗುಂಪಾಗಿ ಎದ್ದರೆ ಚಿತ್ರ ಸೊಗಸು, ನಿಜ. ಆದರೆ ಏಪ್ರಿಲ್ ಬಿಸಿಲಿಗೆ ನೆರಳು ತಪ್ಪಿದ ಮೊಟ್ಟೆಯ ಗತಿ?

ನಮ್ಮ ಜನಕ್ಕೆ ಹಕ್ಕಿ ಮೇಲೆ ಪ್ರೀತಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆಗಳು ಮನೆ ಹಿತ್ತಲ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ, ಆ ವಾಸನೆ, ಹಿಕ್ಕೆ, ಗದ್ದಲ ಎಲ್ಲ ಸಹಿಸಿಕೊಂಡು ಊರವರು ಸಾಕಿಲ್ವಾ? ಅಲ್ಲಿ ಹಕ್ಕಿಗೆ ಅಕ್ಕಪಕ್ಕದವರಿದ್ದಾರೆ. ಭದ್ರಾ ನಡುಗಡ್ಡೆಗೆ ಯಾರೂ ಇಲ್ಲ, ಇದ್ದ ಊರುಗಳು ನೀರಲ್ಲಿ ಮುಳುಗಿದವು. ಲಾಂಗ್ ನ್ಯಾನಿಯ ಮರಳಿಗೂ ಊರಿಲ್ಲ, ಆದರೆ ಸಂಬಳಕ್ಕೆ ಕೂತವರಿದ್ದಾರೆ. ನನ್ನ ಕಣ್ಣಿಗೆ ಬಿದ್ದ ವ್ಯತ್ಯಾಸ ಇದೇ, ಸಂಸ್ಕೃತಿ ಗಿಂಸ್ಕೃತಿ ಅಲ್ಲ.

ಮೊಟ್ಟೆ ಇಡುವ ತಿಂಗಳುಗಳಲ್ಲಿ ನಡುಗಡ್ಡೆ ಸುತ್ತ ಎಲ್ಲೆ ತೋರಿಸುವ ತೇಲುವ ಡಬ್ಬಿಗಳ ಸಾಲು ಕಟ್ಟಿ, ಒಂದು ಕಾವಲು ದೋಣಿ ಇಟ್ಟರೆ ಸಾಕು. ಫೋಟೋದವರ ಹತ್ತಿರ ತೋಳುದ್ದದ ಲೆನ್ಸ್ ಇದ್ದೇ ಇದೆ, ದೂರದಿಂದ ತೆಗೆಯಲಿ. ಕಾಯುವುದಕ್ಕೆ ಲಕ್ಕವಳ್ಳಿ ಕಡೆಯ ಹುಡುಗರೇ ಸಾಕು, ತಿಂಗಳು ತಿಂಗಳು ಸರಿಯಾಗಿ ಸಂಬಳ ಕೊಟ್ಟರೆ.