212ನೇ ಸಾಲಿನಲ್ಲಿ ಏನೂ ತಪ್ಪಿಲ್ಲ!

ನಿನ್ನೆ ರಾತ್ರಿ ಪೂರ್ತಿ ಎರಡು ಗಂಟೆ ಕೂತು ಹುಡುಕಿದ್ದು ಒಂದು ಬ್ರಾಕೆಟ್. ಒಂದೇ ಒಂದು ಬ್ರಾಕೆಟ್! ತಲೆ ಕೆಟ್ಟುಹೋಯಿತು.

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಫೈಲು. 212ನೇ ಸಾಲಿನಲ್ಲಿ ಎರರ್, 'ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಇನ್‌ಪುಟ್' ಅಂತ. ಅಂದರೆ ಕೋಡ್ ಪೂರ್ತಿಯಾಗುವ ಮೊದಲೇ ಫೈಲು ಮುಗಿದುಹೋಯಿತು ಅಂತ. ಹೋಗಿ ನೋಡಿದರೆ ಅದು ಫೈಲಿನ ಕೊನೆಯ ಸಾಲು. ಅಲ್ಲಿರುವುದೇ ಒಂದು ಮುಚ್ಚುವ ಬ್ರಾಕೆಟ್. ಅದರಲ್ಲಿ ಏನಂತ ತಪ್ಪು ಹುಡುಕಲಿ? ಅಳಿಸಿ ಮತ್ತೆ ಟೈಪ್ ಮಾಡಿದೆ. ಮೇಲಿನ ಸಾಲು ನೋಡಿದೆ, ಅದರ ಮೇಲಿನದು ನೋಡಿದೆ. ಅರ್ಧರ್ಧ ಕೋಡ್ ಕಾಮೆಂಟ್ ಮಾಡಿ, ಅಂದರೆ ಅಷ್ಟು ಭಾಗ ಲೆಕ್ಕಕ್ಕೆ ಬರದಂತೆ ಮಾಡಿ, ರನ್ ಮಾಡಿದೆ. ಕೊನೆಗೆ ಸಿಕ್ಕಿದ್ದು 38ನೇ ಸಾಲಿನಲ್ಲಿ. ಒಂದು ಇಫ್, ಅಂದರೆ 'ಹೀಗಿದ್ದರೆ ಹೀಗೆ ಮಾಡು' ಅನ್ನುವ ಷರತ್ತು. ಅದರ ಬ್ರಾಕೆಟ್ ತೆರೆದವನು ಮುಚ್ಚುವುದನ್ನು ಮರೆತಿದ್ದೆ. 174 ಸಾಲು ದೂರ!

ಮರೆತದ್ದು ನನ್ನ ತಪ್ಪೇ, ಇಲ್ಲ ಅನ್ನುವುದಿಲ್ಲ. ಪಾರ್ಸರ್, ಅಂದರೆ ಕೋಡನ್ನು ಓದಿ ಅದರ ರಚನೆ ಬಿಡಿಸುವ ಭಾಗ, ಮೇಲಿಂದ ಓದುತ್ತಾ ಬಂದು, ಇನ್ನು ಮುಂದೆ ದಾರಿಯೇ ಇಲ್ಲ ಅನ್ನುವಲ್ಲಿ ನಿಂತು ಕೂಗುತ್ತದೆ, ಅದೂ ಗೊತ್ತು. ಆದರೆ ಜೋಡಿ ಸಿಗದೆ ಉಳಿದ ಬ್ರಾಕೆಟ್ ಯಾವ ಸಾಲಿನದು ಅನ್ನುವುದು ಅದಕ್ಕೆ ತಿಳಿಯುವ ವಿಷಯವೇ ಅಲ್ವಾ? ಆ ನಂಬರ್ ಒಂದನ್ನು ಹೇಳಿದ್ದರೆ ಎರಡು ನಿಮಿಷದ ಕೆಲಸ.

ಆಗದ ಮಾತೇನಲ್ಲ ಇದು. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲೂ ಮೊದಲು ಇದೇ ಗೋಳು. ಬ್ರಾಕೆಟ್ ಮುಚ್ಚದೆ ಬಿಟ್ಟರೆ ಸುಮ್ನೆ ಮುಂದಿನ ಸಾಲನ್ನು ತೋರಿಸಿ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' (ವಾಕ್ಯರಚನೆ ತಪ್ಪು) ಅನ್ನುತ್ತಿತ್ತು. 2021ರಲ್ಲಿ ಅದರ 3.10 ಆವೃತ್ತಿ ಬಂದಾಗ, ಈ ಬ್ರಾಕೆಟ್ ಮುಚ್ಚಿಯೇ ಇಲ್ಲ ಅಂತ ತೆರೆದ ಸಾಲನ್ನೇ ತೋರಿಸತೊಡಗಿತು. 1991ರಲ್ಲಿ ಬಂದ ಭಾಷೆ! ಇಷ್ಟು ಹೇಳುವುದಕ್ಕೆ 30 ವರ್ಷ ಬೇಕಾಯಿತಾ? ಅಷ್ಟು ವರ್ಷ ಎಷ್ಟು ಜನ ಸರಿಯಾಗಿದ್ದ ಸಾಲನ್ನು ತಿದ್ದಿ ತಿದ್ದಿ ಕೆಡಿಸಿಕೊಂಡಿರಬೇಕು!

ನನಗಾದರೂ ಅಭ್ಯಾಸ ಇದೆ. ನನ್ನ ತಂಗಿ ಈಗಷ್ಟೇ ಕಲಿಯುತ್ತಿದ್ದಾಳೆ. ಗೆಳತಿ ಚಾಟ್‌ನಲ್ಲಿ ಕಳಿಸಿದ ನಾಲ್ಕು ಸಾಲಿನ ಕೋಡನ್ನು ಮೊನ್ನೆ ಕಾಪಿ ಮಾಡಿ ಹಾಕಿದಳು. 'ಇನ್‌ವ್ಯಾಲಿಡ್ ಆರ್ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್' ಅಂತ ಬಂತು. ಟೋಕನ್ ಅಂದರೆ ಕೋಡಿನ ಒಂದು ಬಿಡಿ ಪದ ಅಥವಾ ಚಿಹ್ನೆ. ಯಾವ ಟೋಕನ್, ಅದರಲ್ಲೇನು ದೋಷ? ಅದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಒಂದೊಂದೇ ಅಕ್ಷರ ಹೋಲಿಸಿ ನೋಡಿದಳು, ಎಲ್ಲ ಹಾಗೇ ಇದೆ. ಆಗಿದ್ದಿಷ್ಟೇ. ಚಾಟ್‌ನಲ್ಲಿ ಬರುವಾಗ ನೆಟ್ಟಗಿರಬೇಕಾದ ಕೋಟ್ಸ್ (ಉದ್ಧರಣ ಚಿಹ್ನೆಗಳು) ಬಾಗಿದ ಕೋಟ್ಸ್ ಆಗಿಬಿಟ್ಟಿದ್ದವು. ಸಣ್ಣ ಅಕ್ಷರದಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು, "ಅಣ್ಣಾ, ಇದು ನನ್ನ ತಲೆಗೆ ಹತ್ತಲ್ಲ ಬಿಡು" ಅಂದಳು. ಅವಳು ಮಾಡಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.