ಗ್ರಬ್ ಎಲ್ಲರಿಗೂ ಸಾಕಾಗಲ್ಲ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಥರ ಮೂರು ಓಎಸ್ (ಆಪರೇಟಿಂಗ್ ಸಿಸ್ಟಮ್) ಇದ್ದರೂ, ಆನ್ ಮಾಡಿದಾಗ ಯಾವುದು ಬೇಕು ಅಂತ ಮೆನು ತೋರಿಸುವ ಗ್ರಬ್ ಒಂದೇ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮುಖ್ಯವಾದ ಒಂದು ವಿಷಯ ಬಿಟ್ಟುಹೋಗಿದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಆಫ್ ಆಗಿಯೇ ಬರುತ್ತದೆ, ಕೆಲವು ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ಮಾತ್ರ ಆನ್ ಮಾಡಿ ಕೊಡುತ್ತವೆ, ಹಾಗಾಗಿ ಲಿನಕ್ಸ್ ಹಾಕಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಕಾಣದೆ ಹೊಸಬರು ಎಲ್ಲಾ ಅಳಿಸಿಹೋಯ್ತು ಅಂತ ಗಾಬರಿಯಾಗುತ್ತಾರೆ. ಹಾಸನದಲ್ಲಿ ಓದುವ ನನ್ನ ತಂಗಿಗೂ ಹೀಗೇ ಆಯಿತು. ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿ, ಪಾಪ, ಅತ್ತೇಬಿಟ್ಟಳು. ಆಮೇಲೆ ಗ್ರಬ್ ಥರವೇ ಓಎಸ್ ಮೆನು ತೋರಿಸುವ ರೀಫೈಂಡ್ ಹಾಕಿಕೊಟ್ಟೆ. ಅದು ಪ್ರತಿ ಸಲ ಆನ್ ಮಾಡಿದಾಗಲೂ ಡಿಸ್ಕ್ ನೋಡಿ ಇರುವ ಓಎಸ್‌ಗಳನ್ನು ತಾನೇ ತೋರಿಸುತ್ತದೆ, ಸುಮ್ನೆ ಕಾನ್ಫಿಗ್ ಫೈಲ್ ತಿದ್ದುತ್ತಾ ಕೂರಬೇಕಿಲ್ಲ. ಯುಇಎಫ್‌ಐ (ಕಂಪ್ಯೂಟರ್ ಶುರು ಮಾಡಲು ಬಯೋಸ್ ಬದಲು ಬಂದ ಹೊಸ ವ್ಯವಸ್ಥೆ) ಮಾತ್ರ ಅದಕ್ಕೆ ಬೇಕೇ ಬೇಕು. ಹಳೇ ಬಯೋಸ್ ಕಂಪ್ಯೂಟರ್ ಆದರೆ ಗ್ರಬ್ಬೇ ಸರಿ. ಲೇಖನಕ್ಕೆ ಇಷ್ಟು ಸೇರಿಸಿ ಸರ್.