ವರದಿ ಬಂದ ಅರವತ್ತನೆಯ ದಿನ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ನೆಲೆಸಿದ ಮೇಲೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಕ್ಯಾಲಿಫೋರ್ನಿಯಾ ರಾಜ್ಯ ಲೆಕ್ಕ ಪರಿಶೋಧಕರ ವರದಿ ಬಂದರೆ ಮೊದಲು ಕೊನೆಯ ಪುಟಗಳನ್ನು ತೆರೆಯುತ್ತೇನೆ. ತಪಾಸಣೆಗೆ ಒಳಗಾದ ಇಲಾಖೆ ಬರೆದ ಉತ್ತರ ಅಲ್ಲಿ ಪೂರ್ತಿಯಾಗಿ ಅಚ್ಚಾಗಿರುತ್ತದೆ. ಆ ಪತ್ರದ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಅಂಕಿಗಳಿರುತ್ತವೆ. ಮುಂದೆ ಅದೇ ಅಂಕಿಗಳ ಅಡಿಯಲ್ಲಿ ಪರಿಶೋಧಕರ ಮರುಮಾತು: ಇಲಾಖೆಯ ಈ ಹೇಳಿಕೆಗೆ ಪುರಾವೆ ಸಿಕ್ಕಿಲ್ಲ, ಈ ಮಾತು ಕಡತದೊಂದಿಗೆ ಹೊಂದುವುದಿಲ್ಲ. ತೆರಿಗೆ ಕಟ್ಟುವವರು ಎರಡೂ ಕಡೆಯ ವಾದವನ್ನು ಓದಿ ತಾವೇ ತೀರ್ಮಾನಿಸಬಹುದು.

2024ರ ಏಪ್ರಿಲ್‌ನಲ್ಲಿ ಸೂರಿಲ್ಲದವರ ಕುರಿತ ವರದಿ ಹೊರಬಂತು. ಐದು ವರ್ಷಗಳಲ್ಲಿ ರಾಜ್ಯ ಇದಕ್ಕೆಂದು ಸುಮಾರು 2,400 ಕೋಟಿ ಡಾಲರ್ ತೆಗೆದಿರಿಸಿತ್ತು. ಆ ಹಣದಿಂದ ಏನಾಯಿತು ಎಂಬುದನ್ನು ಸರ್ಕಾರ ಸತತವಾಗಿ ಗಮನಿಸಿಯೇ ಇರಲಿಲ್ಲ. ಪರಿಶೀಲಿಸಿದ ಐದು ಕಾರ್ಯಕ್ರಮಗಳಲ್ಲಿ ಎರಡು ಖರ್ಚಿಗೆ ತಕ್ಕ ಫಲ ಕೊಡುವಂತೆ ಕಂಡವು. ಉಳಿದ ಮೂರನ್ನು ಅಳೆಯಲು ಬೇಕಾದಷ್ಟು ಮಾಹಿತಿಯೇ ಇರಲಿಲ್ಲ. ಹಣ ಕದ್ದರು ಎಂದು ವರದಿ ಹೇಳಲಿಲ್ಲ. ಗೊತ್ತಿಲ್ಲ ಎಂಬ ಸ್ಥಿತಿಯೇ ತಪ್ಪು ಎಂದು ಹೇಳಿತು. ನನ್ನ ಮಟ್ಟಿಗೆ ಕಳ್ಳತನದಷ್ಟೇ ಗಂಭೀರವಾದ ಮಾತು ಅದು.

ಇಲ್ಲಿನ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಅನಂತರದ ಬೆನ್ನುಹತ್ತುವಿಕೆ. ವರದಿ ಪ್ರಕಟವಾದ ಅರವತ್ತು ದಿನ, ಆರು ತಿಂಗಳು, ಒಂದು ವರ್ಷ, ಹೀಗೆ ಮೂರು ಗಡುವುಗಳಲ್ಲಿ ಪ್ರತಿ ಶಿಫಾರಸಿಗೂ ಇಲಾಖೆ ಉತ್ತರ ಕೊಡಬೇಕು. ಜಾರಿಯಾಗಿದೆ ಎಂದು ಇಲಾಖೆ ಬರೆದರೆ ಸಾಲದು. ಪರಿಶೋಧಕರು ದಾಖಲೆ ನೋಡಿ ತಮ್ಮ ನಿರ್ಣಯವನ್ನು ಜಾಲತಾಣದಲ್ಲಿ ಹಾಕುತ್ತಾರೆ.

ನಮ್ಮಲ್ಲಿ ಸಂವಿಧಾನದ 151ನೆಯ ವಿಧಿಯಂತೆ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಭಾರತದ ಮಹಾಲೆಕ್ಕಪರಿಶೋಧಕರು) ವರದಿ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತದೆ. ಇಷ್ಟು ದಿನದೊಳಗೆ ಮಂಡಿಸಬೇಕೆಂಬ ಗಡುವು ಆ ವಿಧಿಯಲ್ಲಿಲ್ಲ. ಮಂಡನೆಯಾದ ದಿನ ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ, ಆಮೇಲೆ ವರದಿಯನ್ನು ಪರಿಶೀಲಿಸುವ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ವರದಿಯ ಇಂಥ ಆಡಿಟ್ ಪ್ಯಾರಾ, ಅಂದರೆ ಆಕ್ಷೇಪಣೆ, ಏನಾಯಿತು ಎಂದು ಎರಡು ವರ್ಷ ಬಿಟ್ಟು ಕೇಳುವ ಸಾಮಾನ್ಯ ಓದುಗನಿಗೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ವರದಿ ಸಿದ್ಧಪಡಿಸಲು ಕಡತಗಳ ನಡುವೆ ತಿಂಗಳುಗಟ್ಟಲೆ ಕೂತವರ ದುಡಿಮೆ ನೆನೆದರೆ ನನಗೆ ಸಂಕಟವಾಗುತ್ತದೆ.

ಹಾಗೆಂದು ಇಲ್ಲಿಯದನ್ನೆಲ್ಲ ಹೊತ್ತೊಯ್ಯಬೇಕೆಂದು ನಾನು ಹೇಳುವುದಿಲ್ಲ. ಕಾನೂನೇ ವಿಧಿಸಿದ ಕೆಲವನ್ನು ಬಿಟ್ಟರೆ, ಇಲ್ಲಿ ಯಾವುದನ್ನು ತಪಾಸಣೆ ಮಾಡಬೇಕೆಂಬುದನ್ನು ಹೆಚ್ಚಾಗಿ ಶಾಸಕರ ಜಂಟಿ ಸಮಿತಿ ಮತ ಹಾಕಿ ನಿರ್ಧರಿಸುತ್ತದೆ. ಸಮಿತಿಗೆ ಬೇಡವಾದ ಪ್ರಶ್ನೆ ಅಲ್ಲಿಯೇ ನಿಂತುಬಿಡಬಹುದು. ನಮ್ಮ ಸಿಎಜಿ ಯಾವ ಇಲಾಖೆಯ ಬಾಗಿಲು ತಟ್ಟಲೂ ಶಾಸಕರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಆ ಸ್ವಾತಂತ್ರ್ಯದ ಕೂದಲೂ ಕೊಂಕಬಾರದು.

ನಾನು ಬಯಸುವುದು ಒಂದು ಪುಟ. ಪ್ರತಿ ಆಕ್ಷೇಪಣೆಯ ಎದುರು ಇಲಾಖೆಯ ಉತ್ತರ, ಅದರ ಎದುರು ರಾಜ್ಯದಲ್ಲಿ ಸಿಎಜಿ ಪರವಾಗಿ ತಪಾಸಣೆ ಮಾಡುವ ಮಹಾಲೇಖಪಾಲರ ಮರುಮಾತು, ಕೊನೆಯಲ್ಲಿ ದಿನಾಂಕ. ಎಲ್ಲವೂ ಕನ್ನಡದಲ್ಲಿ. ಅಂಗನವಾಡಿಗೆ ಬರಬೇಕಾದ ಹಣ ಎಲ್ಲಿ ನಿಂತಿತು ಎಂದು ಆ ಊರಿನ ತಾಯಿಯೇ ಹುಡುಕಿ ಓದುವಂತಿರಬೇಕು.